ಎಡಗೈ ಎತ್ತಿಸುವ ಪಾಠ

ನನ್ನ ಮೂಗಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಕಳವಾದ ಮಾಲುಗಳಲ್ಲಿ ಅದೂ ಒಂದು. ಬೇಸಿಗೆ, ಚಳಿ ಎಂಬ ಭೇದವಿಲ್ಲದೆ ವರ್ಷವಿಡೀ ಸೋರುವ ಮೂಗು ಅದು. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ನೂಲಿನ ಧೂಳು, ಹಳೆ ಎಣ್ಣೆ, ತುಕ್ಕು ಇವುಗಳ ನಡುವೆ ಬದುಕುವವನ ಮೂಗು ಇನ್ನೇನು ಮಾಡೀತು? ಸಿಟ್ಟು ಕೂಡ ನನಗೆ ಮೂಗಿನ ತುದಿಯಲ್ಲೇ ಎಂದು ಮನೆಯವರು ಹೇಳುತ್ತಾರೆ. ಹಾಗಿದ್ದರೆ ಅದಕ್ಕೂ ನೆಗಡಿ ಹಿಡಿದಿರಬೇಕು.

ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಅಕ್ಕ ಇಂಗ್ಲಿಷ್ ಕಲಿಸುತ್ತಿದ್ದಳು. ಪರೀಕ್ಷೆಯ ಇಂಗ್ಲಿಷ್ ಅಲ್ಲ, ಬಾಯಿ ಬಿಟ್ಟು ಮಾತಾಡುವ ಇಂಗ್ಲಿಷ್. ನರ್ಸುಗಳು, ಬಟ್ಟೆ ಅಂಗಡಿಯ ಸೇಲ್ಸ್‌ನವರು, ಹೋಟೆಲಿನ ಬಾಗಿಲು ಕಾಯುವವರು, ಮಗುವಿನ ಟೀಚರ್ ಎದುರು ಕೂತರೆ ನಾಲಿಗೆ ಒಣಗುವ ತಾಯಂದಿರು, ಇಂಥವರೆಲ್ಲ ಕಬ್ಬಿಣದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಆ ಕೋಣೆಯಲ್ಲಿ ಒಂದೇ ಕಟ್ಟುನಿಟ್ಟು. ಪದದ ಅರ್ಥವನ್ನು ಯಾರೂ ಬಾಯಲ್ಲಿ ಹೇಳಬಾರದು, ಮಾಡಿ ತೋರಿಸಬೇಕು.

"ಹೇಳಿದ್ದು ಕಿವಿ ತನಕ ಹೋಗುತ್ತೆ, ಮಾಡಿದ್ದು ಮೈಯಲ್ಲಿ ಕೂರುತ್ತೆ" ಎನ್ನುತ್ತಿದ್ದಳು ಅಕ್ಕ. ಅವಳು ಮದುವೆಯಾಗಲಿಲ್ಲ. ಯಾಕೆ ಮಿಸ್ ಎಂದು ಯಾರಾದರೂ ಕೇಳಿದರೆ, "ಆ ಪದನ ಮಾಡಿ ತೋರಿಸೋಕೆ ಇನ್ನೊಬ್ಬರು ಬೇಕಲ್ಲಪ್ಪ" ಎಂದು ನಗಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದಳು.

ಅವಳ ಪಾಠಗಳಲ್ಲೆಲ್ಲ ಹೆಸರು ಮಾಡಿದ್ದು ರನ್ ಎಂಬ ಒಂದೇ ಪದದ ಪಾಠ. ನಮ್ಮ ಮಾತಿನಲ್ಲಿ ಬಸ್ಸು ಓಡುತ್ತದೆ, ನಲ್ಲಿ ಸುರಿಯುತ್ತದೆ, ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ, ಅಂಗಡಿ ನಡೆಯುತ್ತದೆ, ಸಕ್ಕರೆ ಮುಗಿಯುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಆಳು. ಇಂಗ್ಲಿಷಿನಲ್ಲಿ ಇಷ್ಟು ಕೆಲಸಕ್ಕೂ ಒಬ್ಬನೇ ಆಳು, ಅವನ ಹೆಸರು ರನ್. ಚುನಾವಣೆಗೆ ನಾವು ನಿಲ್ಲುತ್ತೇವೆ, ಅವರು ರನ್ ಮಾಡುತ್ತಾರೆ. "ಗೆದ್ದ ಮೇಲೆ ಮಾತ್ರ ಎರಡೂ ಕಡೆಯವರು ಕೂರ್ತಾರೆ" ಎಂದು ಅಕ್ಕ ಹೇಳಿದಾಗ ಇಡೀ ಕೋಣೆ ಗೊಳ್ಳೆಂದು ನಗುತ್ತಿತ್ತು. ಕೆಳಗೆ ಕೂತ ನಾನು ಆ ನಗುವಿನ ಮೇಲೆ ಹೊತ್ತು ಎಷ್ಟಾಯಿತು ಎಂದು ಅಂದಾಜು ಮಾಡುತ್ತಿದ್ದೆ.

ಪಾಠಕ್ಕೆ ಬೇಕಾದ ಸಾಮಾನೆಲ್ಲ ಒಂದು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿತ್ತು. ಚಕ್ರ ಕಿತ್ತ ಆಟಿಕೆ ಬಸ್ಸು. ಕೆಂಪು ಬಟ್ಟೆಯ ಜೊತೆ ನೆನೆದು ಹಾಳಾದ ಬಿಳಿ ಟವೆಲು. ಖಾಲಿ ಸಕ್ಕರೆ ಪೊಟ್ಟಣ. ಉದ್ದಕ್ಕೆ ಎಳೆ ಬಿಟ್ಟ ಕಾಲುಚೀಲ, ಅದಕ್ಕೂ ರನ್ ಎನ್ನುತ್ತಾರಂತೆ. ಯಂತ್ರ ಓಡುವುದನ್ನು ತೋರಿಸಲು ಅಕ್ಕ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದಳು. ಕೆಳಗೆ ನಾನು ಕೈಯಲ್ಲಿದ್ದುದನ್ನು ಬಿಟ್ಟು, ಯಾವುದಾದರೂ ಯಂತ್ರದ ಪೆಡಲು ತುಳಿಯಬೇಕು. ನೆಲದ ಮೂಲಕ ಸದ್ದು ಮೇಲಕ್ಕೆ ಹೋದೊಡನೆ ಎಲ್ಲರೂ ಒಟ್ಟಿಗೆ, ದ ಮಷೀನ್ ಈಸ್ ರನ್ನಿಂಗ್ ಎಂದು ಕೂಗುತ್ತಿದ್ದರು. ಗಿರಾಕಿ ಎದುರಿಗಿದ್ದರೂ ನಾನು ತುಳಿದಿದ್ದೇನೆ. ಇನ್ನು ಡಬ್ಬದ ತಳದಲ್ಲಿ ನನ್ನದೇ ಒಂದು ಕರ್ಚೀಫು, ನೀಲಿ ಗೆರೆಯದು. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮೈ ಬ್ರದರ್ ರನ್ಸ್ ಸ್ಲೋ, ಬಟ್ ಹಿಸ್ ನೋಸ್ ರನ್ಸ್ ಫಾಸ್ಟ್ ಎನ್ನುತ್ತಿದ್ದಳು. ತಮ್ಮನ ಓಟ ನಿಧಾನ, ಮೂಗಿನ ಓಟ ಜೋರು. ಕ್ಲಾಸು ಬಿಟ್ಟು ಇಳಿದು ಬರುವವರು ನನ್ನ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಹೋಗುತ್ತಿದ್ದರು. ಹೊರಗೆ ರೇಗುತ್ತಿದ್ದೆ. ಒಳಗೆ ನನಗೆ ಖುಷಿಯೇ. ನಾಲ್ಕು ಜನರಿಗೆ ಮಾತು ಬರಲಿ ಎಂದು ನನ್ನ ಮೂಗೂ ದುಡಿಯುತ್ತಿತ್ತಲ್ಲ.

ಪಾಠ ಶುರುವಾಗುತ್ತಿದ್ದುದು ಓಟದ ಪಂದ್ಯದಂತೆ. ಅಕ್ಕ ಒಂದು ಕೈಯನ್ನು ಮೇಲಕ್ಕೆತ್ತಿ ಹಿಡಿಯುವಳು, ಎಲ್ಲರೂ ಹಾಗೇ ಎತ್ತಬೇಕು. ಅವಳ ಕೈ ಕೆಳಗೆ ಬಿದ್ದೊಡನೆ ಎಲ್ಲರೂ ರನ್ ಎಂದು ಕಿರುಚಬೇಕು. ಹಿಂದೆ ಅವಳು ಎತ್ತುತ್ತಿದ್ದುದು ಬಲಗೈ. ಒಂದು ಬೆಳಿಗ್ಗೆ ಕರಿಹಲಗೆ ಹೊತ್ತುಕೊಂಡು ಆ ಕಬ್ಬಿಣದ ಮೆಟ್ಟಿಲಿನಲ್ಲಿ ಜಾರಿ ಬಿದ್ದಳು. ನಾನೇ ಓಡಿ ಹೋಗಿ ಎತ್ತಿದೆ. ಮೂಳೆ ಕೂಡಿತು, ಆದರೆ ಬಲಗೈ ಅಲ್ಲಿಂದಾಚೆ ಭುಜ ದಾಟಿ ಮೇಲೇರಲಿಲ್ಲ. ತಲೆ ಬಾಚಲೂ ಒದ್ದಾಡುತ್ತಿದ್ದಳು. ಪಾಠ ನಿಲ್ಲಬಾರದೆಂದು ಎಡಗೈ ಎತ್ತತೊಡಗಿದಳು. ಆಮೇಲೆ ಬಂದವರು ಎಡಗೈಯೇ ಪದ್ಧತಿ ಎಂದುಕೊಂಡರು. ಅವಳೂ ತಿದ್ದಲಿಲ್ಲ, "ಪಾಪ, ನನ್ನ ಭುಜದ ಪುರಾಣ ಕಟ್ಕೊಂಡು ಅವರಿಗೇನಾಗಬೇಕು" ಎಂದಳು.

ಮೌನಿ ಬಂದದ್ದು ಅದಾದ ಮೇಲೆ. ಅಕ್ಕ ಇಟ್ಟ ಅಡ್ಡಹೆಸರು ಅದು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಯುವತಿ, ಹೆತ್ತವರಿಗೆ ಒಬ್ಬಳೇ ಮಗಳು. ಕ್ಲಾಸಿಗೆ ಸೇರಿ ವಾರಗಳಾದರೂ ತುಟಿ ಪಿಟಕ್ಕೆನ್ನಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, ನಿನಗಿದು ಒಗ್ಗದಮ್ಮ ಎಂದು ಕಳಿಸುತ್ತಿದ್ದರು. ಅಕ್ಕ ಕ್ಲಾಸು ಮುಗಿದ ಮೇಲೆ ಅವಳೊಬ್ಬಳನ್ನೇ ಉಳಿಸಿಕೊಂಡಳು. ಗೋಡೆಯ ಕನ್ನಡಿಯ ಮುಂದೆ ನಿಲ್ಲಿಸಿ, ಹಿಂದೆ ತಾನು ನಿಂತು, ಗದ್ದಕ್ಕೆ ಕೈಯಿಟ್ಟು ಅವಳ ಮುಖ ಎತ್ತಿ ಹಿಡಿದು ಒಂದೊಂದೇ ಮಾತು ಹೊರಡಿಸಿದಳು. ಮಗು ನಡೆಯಲು ಕಲಿಯುವಾಗ ತಾಯಿ ಹಿಂದಿನಿಂದ ಬಗ್ಗಿಕೊಂಡು ಹೋಗುತ್ತಾಳಲ್ಲ, ಹಾಗೆ. ಎಷ್ಟೋ ಸಂಜೆ ನಾನು ಅಂಗಡಿ ಮುಚ್ಚಿ, ಅಕ್ಕ ಇಳಿಯಲಿ ಎಂದು ಮೆಟ್ಟಿಲಿನ ಬುಡದಲ್ಲಿ ಕೂತು ಆಕಳಿಸಿದ್ದೇನೆ.

ಮಾತು ಬಂದ ಮೇಲೆ ಮೌನಿಯನ್ನು ನಿಲ್ಲಿಸುವವರಿರಲಿಲ್ಲ. ಕೆಲಸ ಬಿಟ್ಟು ಅಕ್ಕನಿಗೆ ಸಹಾಯಕ್ಕೆ ಸೇರಿದಳು. ಡಬ್ಬದ ಸಾಮಾನು ಜೋಡಿಸುವುದು, ಹೊಸಬರನ್ನು ಮಾತಾಡಿಸುವುದು, ಅಕ್ಕನ ತಲೆ ಬಾಚಿ ಕೊಡುವುದು. ತಲೆ ಬಾಚುತ್ತಿದ್ದಳು ಎಂಬುದನ್ನು ನೆನಪಿಡಿ. ಆ ಭುಜ ಯಾಕೆ ಏಳುವುದಿಲ್ಲ ಎಂಬುದು ನನ್ನನ್ನು ಬಿಟ್ಟರೆ ಚೆನ್ನಾಗಿ ಗೊತ್ತಿದ್ದುದು ಅವಳಿಗೇ. ನಮ್ಮ ಮನೆಯ ಊಟದ ಮೇಜಿನಲ್ಲಿ ಅವಳಿಗೊಂದು ಕುರ್ಚಿ ಖಾಯಂ ಆಯಿತು. ನನ್ನನ್ನು ಮಾಮ ಎಂದಳು. ನಾನೂ ಕರಗಿದೆ, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು ಬಂದಳು. "ಮಿಸ್, ನಿಮ್ಮ ಪಾಠ ಎಲ್ಲ ಹಿಡಿದಿಡ್ತೀನಿ. ಬರಕ್ಕಾಗದೆ ಇರೋರಿಗೆ ತೋರಿಸಬಹುದು" ಎಂದಳು. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮುಖಕ್ಕೆ ಪೌಡರ್ ಹಚ್ಚಿ, ನಾಚುತ್ತ ನಿಂತಳು. ಒಂದು ಪಾಠವನ್ನೂ ಬಿಡದೆ ಮೌನಿ ಹಿಡಿದಿಟ್ಟಳು. ನಾನು ಕೆಳಗೆ ಪೆಡಲು ತುಳಿದದ್ದೂ ಅದರಲ್ಲಿ ಸೇರಿತು. ಕೆಲವು ತಿಂಗಳ ಬಳಿಕ, ದೂರದಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಲು ಬಂದಳು. ಅಕ್ಕನನ್ನು ತಬ್ಬಿಕೊಂಡು ಅತ್ತಳು. ನೆನಪಿಗೆ ಏನಾದರೂ ಬೇಕು ಎಂದು ಡಬ್ಬ ತೆರೆದು ನನ್ನ ಕರ್ಚೀಫು ತೆಗೆದುಕೊಂಡಳು. ಇಷ್ಟೊಂದು ಪ್ರೀತಿಯೇ ಎಂದು ನಾನು ಆ ಕ್ಷಣಕ್ಕೆ ಉಬ್ಬಿಹೋದೆ.

ಆಮೇಲೆ ಅವಳ ಫೋನು ಕಡಿಮೆಯಾಯಿತು, ನಿಂತೂ ಹೋಯಿತು. "ಬ್ಯುಸಿ ಇರ್ತಾಳೆ" ಎಂದಳು ಅಕ್ಕ. ಕ್ಲಾಸಿನಲ್ಲೂ ಜನ ಕಡಿಮೆಯಾಗುತ್ತ ಬಂದರು. ಈಗ ಎಲ್ಲರೂ ಫೋನಿನಲ್ಲೇ ಕಲಿಯುತ್ತಾರೆ, ಕಾಲ ಹಾಗಿದೆ ಎಂದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡೆವು.

ಹೊಸದಾಗಿ ಸೇರಿದ ಒಬ್ಬ ನರ್ಸ್ ಎದ್ದು ನಿಂತ ದಿನ ಸಮಾಧಾನ ಮುಗಿಯಿತು. ಅಕ್ಕ ಎಡಗೈ ಎತ್ತಿ ಬಸ್ಸು, ನಲ್ಲಿ, ಟವೆಲು ಮುಗಿಸಿ ಕಾಲುಚೀಲಕ್ಕೆ ಬಂದಿದ್ದಳು. ನರ್ಸ್ ಮುಜುಗರದಿಂದ, ಆದರೆ ಗಟ್ಟಿಯಾಗಿಯೇ ಕೇಳಿದಳು: "ಮಿಸ್, ಬೇಜಾರ್ ಮಾಡ್ಕೋಬೇಡಿ. ಇದು ಆ ಮೇಡಂ ವಿಡಿಯೋದಲ್ಲಿ ಬರೋದೇ ಅಲ್ವಾ? ಅದನ್ನೇ ನೋಡಿ ಹೇಳ್ಕೊಡೋದಾದ್ರೆ ನಾವು ಮನೇಲೇ ನೋಡ್ತೀವಲ್ಲ?"

ನಾನು ಮೇಲಕ್ಕೆ ಹೋಗುವ ಹೊತ್ತಿಗೆ ಕೋಣೆ ಖಾಲಿಯಾಗಿತ್ತು. ಎರಡು ಸಲದ ಹಿಮ್ಮಡಿ ಸದ್ದು ಬರಲಿಲ್ಲವಲ್ಲ ಎಂದು ನೋಡಲು ಹೋಗಿದ್ದೆ. ಅಕ್ಕ ಒಂದು ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಿದ್ದಳು. ಅದರಲ್ಲಿ ಮೌನಿ. ಕೂದಲು ಕತ್ತರಿಸಿಕೊಂಡು, ಹಿಂದೆ ಬಣ್ಣದ ದೀಪ ಹಾಕಿಕೊಂಡು ನಿಂತಿದ್ದಾಳೆ. ಎಡಗೈ ಎತ್ತಿದಳು. ಎರಡು ಭುಜವೂ ಗಟ್ಟಿಮುಟ್ಟಾಗಿರುವವಳು ಎಡಗೈ ಎತ್ತಿದಳು! ರನ್ ಎಂದಳು. ಬಸ್ಸು ಬಂತು, ಕಾಲುಚೀಲ ಬಂತು, ಚುನಾವಣೆಯ ಜೋಕೂ ಬಂತು. ಯಂತ್ರದ ಸರದಿಯಲ್ಲಿ ಒಂದು ಸದ್ದು ಕೇಳಿಸಿದಳು. ಬೆಲ್ಟು ಸಡಿಲವಾಗಿ ನಡುನಡುವೆ ಟಕ್ ಎನ್ನುವ, ನನ್ನ ಅಂಗಡಿಯದೇ ಆದ ಆ ಯಂತ್ರವನ್ನು ನಾನು ನಿದ್ದೆಗಣ್ಣಲ್ಲೂ ಗುರುತಿಸುತ್ತೇನೆ. ಕೊನೆಗೆ ನೀಲಿ ಗೆರೆಯ ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮೈ ಬ್ರದರ್ ರನ್ಸ್ ಸ್ಲೋ ಎಂದಳು.

"ಬ್ರದರ್ ಎಲ್ಲಿಂದ ಬಂದ ಇವಳಿಗೆ?" ನನ್ನ ಪಿತ್ತ ನೆತ್ತಿಗೇರಿತು. "ಒಬ್ಬಳೇ ಮಗಳು! ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅದು ನನ್ನ ಮೂಗು!"

"ಸುಮ್ನಿರೋ," ಎಂದಳು ಅಕ್ಕ. "ಕೊನೆಗೆ ಹೇಳಿರ್ತಾಳೆ."

"ಏನಂತ?"

"ನಮ್ಮ ಮಿಸ್ ಕಲಿಸಿದ್ದು ಅಂತ. ಅಷ್ಟು ಹೇಳಿದ್ರೆ ಸಾಕು ನಂಗೆ. ಪಾಠ ಎಲ್ಲರಿಗೂ ಹೋಗಲಿ, ಒಳ್ಳೇದೇ. ಆ ಒಂದು ಮಾತು ಹೇಳಿರ್ತಾಳೆ, ನೋಡು."

ಕೊನೆಯವರೆಗೆ ನೋಡಿದೆವು. ಹೇಳಿರಲಿಲ್ಲ. "ಇದರಲ್ಲಿ ಮರೆತಿರಬೇಕು" ಎಂದು ಅಕ್ಕ ಮುಂದಿನದನ್ನು ಹಚ್ಚಿದಳು. ಮುಂದಿನ ಎಷ್ಟೋ ದಿನ ಅದೇ ಅವಳ ಕೆಲಸವಾಯಿತು. ತನ್ನವೇ ಪಾಠಗಳನ್ನು ಮೌನಿಯ ವಿಡಿಯೋಗಳಲ್ಲಿ ಒಂದೊಂದಾಗಿ, ಕೊನೆಯ ಹಾಡು ನಿಲ್ಲುವ ತನಕ ನೋಡುವುದು. ಊಟಕ್ಕೆ ಕರೆದರೆ, "ಇದೊಂದು ಮುಗೀಲಿ" ಎನ್ನುವುದು. ಯಾವುದರಲ್ಲೂ ಆ ಮಾತಿರಲಿಲ್ಲ. ಫೋನ್ ಮಾಡಿದರೆ ಮೌನಿ ಎತ್ತಲಿಲ್ಲ. ಇತ್ತ ನರ್ಸ್ ಹೇಳಿದ್ದು ಊರೆಲ್ಲ ಹಬ್ಬಿತು. ಆ ಮಿಸ್ ವಿಡಿಯೋ ನೋಡಿ ಕಾಪಿ ಹೊಡೆದು ಕಲಿಸುತ್ತಾರಂತೆ ಎಂದು ನನ್ನ ಗಿರಾಕಿಯೊಬ್ಬಳು ನನಗೇ ಹೇಳಿದಳು. ಅವಳ ಯಂತ್ರವನ್ನು ರಿಪೇರಿ ಮಾಡದೆ ವಾಪಸ್ ಕಳಿಸಿದೆ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ, ಆದರೂ ಕಳಿಸಿದೆ.

ಅಷ್ಟರಲ್ಲಿ ಮೌನಿಯ ಚಿತ್ರವಿರುವ ದೊಡ್ಡ ಪೋಸ್ಟರು ನಮ್ಮ ರಸ್ತೆಗೇ ಬಂತು. ಊರಿನ ಸಭಾಂಗಣದಲ್ಲಿ ಅವಳ ಪಾಠ, ಭಾನುವಾರ ಮಧ್ಯಾಹ್ನ.

"ನಾವು ಹೋಗೋಣ," ಎಂದಳು ಅಕ್ಕ.

"ಹೋಗಿ ಅವಳ ಜುಟ್ಟು ಹಿಡೀತೀನಿ."

"ಬಾಯಿ ಮುಚ್ಕೊಂಡು ಬರೋದಾದ್ರೆ ಬಾ. ನನ್ನ ಮುಖ ಕಂಡ ಮೇಲೂ ಹೇಳದೆ ಇರ್ತಾಳೇನೋ? ಕಣ್ಣೆದುರಿಗಿದ್ರೆ ಹೇಳೇ ಹೇಳ್ತಾಳೆ."

ಅಕ್ಕನ ಈ ನಂಬಿಕೆ ಕಂಡು ನನಗೆ ಮೌನಿಯ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಬಂತು. ಹತ್ತಿದ ಏಣಿಯನ್ನು ಒದ್ದವರು ಅದು ಎಲ್ಲಿ ಬಿತ್ತು ಎಂದು ಬಗ್ಗಿ ನೋಡುತ್ತಾರೆಯೇ? ಆದರೂ ಬಾಯಿ ಮುಚ್ಚಿಕೊಂಡು ಹೋದೆ. ವಿಡಿಯೋಕ್ಕೆಂದು ಅಂದು ತೊಟ್ಟಿದ್ದ ಬಟ್ಟೆಯನ್ನೇ ಅಕ್ಕ ತೊಟ್ಟಳು. ತಲೆಯನ್ನು ಅರ್ಧ ತಾನು ಬಾಚಿ, ಅರ್ಧ ನನ್ನಿಂದ ಬಾಚಿಸಿಕೊಂಡಳು.

ಸಭಾಂಗಣ ತುಂಬಿತ್ತು. ನಮಗೆ ನಡುವಿನ ಸಾಲಿನಲ್ಲಿ ಜಾಗ ಸಿಕ್ಕಿತು. ಅಕ್ಕನ ಪಕ್ಕದಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಯುವಕನೊಬ್ಬ ಕೂತಿದ್ದ. ಮೌನಿ ವೇದಿಕೆಗೆ ಬಂದಳು. ಚೆನ್ನಾಗಿ ಮಾತಾಡಿದಳು, ಅದನ್ನು ಒಪ್ಪಬೇಕು. ಅಷ್ಟು ಜನರ ಮುಂದೆ ಅವಳ ಗದ್ದ ಎಲ್ಲೂ ಕೆಳಗಿಳಿಯಲಿಲ್ಲ. ಆ ಗದ್ದವನ್ನು ಎತ್ತಿ ಹಿಡಿದ ಕೈ ನನ್ನ ಪಕ್ಕದಲ್ಲಿ, ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಕೇಳಿದಳು: "ಮೇಡಂ, ಒಂದು ಪದಾನ ಹೀಗೆ ಆಡಿ ತೋರಿಸಿ ಕಲಿಸೋದು ನಿಮಗೆ ಯಾರು ಹೇಳ್ಕೊಟ್ಟಿದ್ದು?"

ಅಕ್ಕ ನೆಟ್ಟಗೆ ಕೂತಳು. ಮೌನಿ ನಗುತ್ತ ಸಭೆಯ ಮೇಲೆ ಕಣ್ಣಾಡಿಸಿದಳು. ಆ ಕಣ್ಣು ನಮ್ಮ ಸಾಲಿಗೆ ಬಂತು, ಅಕ್ಕನ ಮುಖದ ಮೇಲೆ ನಿಂತಿತು. ನಗು ಒಂದು ಕ್ಷಣ ಹೋಯಿತು. ಅವಳು ನೋಡಿದ್ದನ್ನು ನಾನು ನೋಡಿದೆ. ಈಗ ಹೇಳುತ್ತಾಳೆ ಎಂದು ನನಗೂ ಅನ್ನಿಸಿತು, ನನಗೂ!

"ಯಾರೂ ಹೇಳ್ಕೊಡಲಿಲ್ಲ," ಎಂದಳು ಮೌನಿ. "ನಾನು ಬಾಯೇ ಬಿಡದ ಹುಡುಗಿ ಆಗಿದ್ದೆ. ಒಬ್ಬಳೇ ಕನ್ನಡಿ ಮುಂದೆ ನಿಂತ್ಕೊಂಡು ನನಗೆ ನಾನೇ ಕಲಿಸ್ಕೊಂಡೆ. ಆಗ ಹೊಳೆದಿದ್ದು ಇದು."

ಜೋರಾಗಿ ಚಪ್ಪಾಳೆ ಬಿತ್ತು. "ಒಬ್ಬಳೇ ಅಂದಳಲ್ಲೋ" ಎಂದು ಅಕ್ಕ ನನಗಷ್ಟೇ ಕೇಳುವಂತೆ ಹೇಳಿದಳು.

"ಈಗ ಎಲ್ಲರೂ ಎಡಗೈ ಎತ್ತಿ!" ಎಂದಳು ಮೌನಿ. ಸಭಾಂಗಣಕ್ಕೆ ಸಭಾಂಗಣವೇ ಎಡಗೈ ಎತ್ತಿತು. ಅಕ್ಕ ಎತ್ತಲಿಲ್ಲ. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡೆ. ಪಕ್ಕದ ಯುವಕ ಅಕ್ಕನ ಕಡೆ ಬಾಗಿ, ಬಹಳ ವಿನಯದಿಂದ, "ಅಜ್ಜಿ, ಎಡಗೈ ಎತ್ತಬೇಕು" ಎಂದ.

"ಯಾಕಪ್ಪ ಎಡಗೈ?" ಕೇಳಿದಳು ಅಕ್ಕ.

"ಎಡಗೈ ಎತ್ತಿದ್ರೆ ಮೆದುಳಿನ ಬಲಭಾಗ ಚುರುಕಾಗುತ್ತಂತೆ. ಮೇಡಂ ವಿಡಿಯೋದಲ್ಲಿ ವಿವರವಾಗಿ ಹೇಳಿದ್ದಾರೆ. ಹೀಗೆ." ಅವನು ಅಕ್ಕನ ಮೊಣಕೈಗೆ ಕೈಕೊಟ್ಟು, ಅವಳ ಎಡಗೈಯನ್ನು ಮೆಲ್ಲನೆ ಮೇಲಕ್ಕೆತ್ತಿದ. ಒಳ್ಳೆಯ ಹುಡುಗ. ಸ್ವಂತ ಅಜ್ಜಿಗೂ ಅಷ್ಟು ನಿಧಾನವಾಗಿ ಕಲಿಸುವವರು ಕಡಿಮೆ. ವೇದಿಕೆಯ ಮೇಲಿನ ಕೈ ಬಿದ್ದಾಗ ಎಲ್ಲರೂ ರನ್ ಎಂದು ಕಿರುಚಿದರು. ಅಕ್ಕನ ಕೈ ಅವನು ಬಿಡುವ ತನಕ ಹಾಗೇ ಮೇಲಿತ್ತು.

ಎಲ್ಲ ಮುಗಿದು ಬಾಗಿಲ ಬಳಿ ಬಂದಾಗ ಮೌನಿಯೇ ಜನರನ್ನು ಸರಿಸಿಕೊಂಡು ಬಂದಳು. "ಮಿಸ್! ಬರ್ತೀನಿ ಅಂತ ಒಂದು ಮಾತು ಹೇಳಬಾರದಿತ್ತಾ? ಮುಂದಿನ ಸಾಲಲ್ಲೇ ಕೂರಿಸ್ತಿದ್ದೆ."

"ಒಂದು ಮಾತು ನೀನೂ ಹೇಳಬಹುದಿತ್ತು," ಎಂದಳು ಅಕ್ಕ.

ಮೌನಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮಿಸ್, ರನ್ ಅನ್ನೋದು ಡಿಕ್ಷನರಿಯಲ್ಲಿರೋ ಪದ. ಅದರ ಅರ್ಥಗಳೂ ಅಲ್ಲೇ ಇವೆ. ಪದ ಯಾರಪ್ಪನ ಮನೆ ಆಸ್ತಿನೂ ಅಲ್ಲ. ನಾನೇನು ಕದ್ದಿದ್ದೀನಿ ಹೇಳಿ?"

"ಪದ ಯಾರಪ್ಪಂದೂ ಅಲ್ಲಮ್ಮ," ಎಂದಳು ಅಕ್ಕ. "ಭುಜ ನಂದು."

ಮೌನಿಯ ಕಣ್ಣು ಅಕ್ಕನ ಬಲಭುಜಕ್ಕೆ ಹೋಯಿತು. ಹಿಂದಿನಿಂದ ಯಾರೋ ಫೋಟೋಕ್ಕೆ ಕರೆದರು. ಅವಳು ಹೋದಳು. ತಿರುಗಿ ನೋಡುತ್ತಾಳೇನೋ ಎಂದು ನಾನು ನಿಂತು ನೋಡಿದೆ. ನನ್ನ ಕರ್ಚೀಫಾದರೂ ವಾಪಸ್ ಕೊಡೇ ಎಂದು ಕೂಗಬೇಕೆನ್ನಿಸಿತು. ಜಗಳ ಆಡಲೆಂದೇ ಹುಟ್ಟಿದ ನನಗೆ ಆ ದಿನ ಜಗಳವೂ ಕೈಕೊಟ್ಟಿತು.

ಇಬ್ಬರೂ ನಡೆದುಕೊಂಡೇ ಮನೆಗೆ ಹೊರಟೆವು. ದಾರಿಯಲ್ಲಿ ನನಗೆ ಅಳು ಬಂತು. ಅಳುವಾಗ ನನ್ನ ಮೂಗು ಕಣ್ಣಿಗಿಂತ ಮುಂದೆ. ಅಕ್ಕ ನನ್ನ ಮುಖ ನೋಡಿದಳು. ಇಷ್ಟು ವರ್ಷಗಳ ಅಭ್ಯಾಸ, ತುಟಿಯಲ್ಲಿ ಸಣ್ಣ ನಗು ಬಂತು, "ಮೈ ಬ್ರದರ್..." ಎಂದು ಶುರು ಮಾಡಿದಳು. ಅಷ್ಟಕ್ಕೇ ನಿಲ್ಲಿಸಿದಳು. ಮುಂದಿನದನ್ನು ಹೇಳು ಎಂದು ನಾನು ಕಾದೆ. ನನ್ನ ಜೀವಮಾನದಲ್ಲಿ ಆ ಗೇಲಿಯನ್ನು ನಾನು ಬೇಡಿದ್ದು ಅದೊಂದೇ ಸಲ. ಅವಳು ಚೀಲದಿಂದ ತನ್ನ ಕರ್ಚೀಫು ತೆಗೆದು ಕೊಟ್ಟು, "ಒರೆಸ್ಕೋ" ಎಂದಳು.

ಅಕ್ಕ ಕ್ಲಾಸು ನಿಲ್ಲಿಸಲಿಲ್ಲ. ಇಬ್ಬರೋ ಮೂವರೋ ಈಗಲೂ ಮೆಟ್ಟಿಲು ಹತ್ತುತ್ತಾರೆ, ಬೇರೆ ಬೇರೆ ಪದಗಳ ಪಾಠ ನಡೆಯುತ್ತದೆ. ಬಿಸ್ಕತ್ತಿನ ಡಬ್ಬವನ್ನು ಮಾತ್ರ ಅವಳು ನನ್ನ ಅಂಗಡಿಗೆ ತಂದು ಇಟ್ಟಳು, "ಸೂಜಿ ಗೀಜಿ ಹಾಕ್ಕೋ" ಎಂದಳು. ನಾನು ಹಾಕಿಲ್ಲ. ಬೆಲ್ಟು ಸಡಿಲವಾದ ಆ ಯಂತ್ರವನ್ನೂ ಸರಿಮಾಡಿಲ್ಲ, ಮಾರಿಲ್ಲ. ಕ್ಲಾಸಿನ ಹೊತ್ತಿಗೆ ಅದರ ಮುಂದೆಯೇ ಸ್ಟೂಲು ಹಾಕಿಕೊಂಡು, ಪೆಡಲಿನ ಮೇಲೆ ಕಾಲಿಟ್ಟು ಕೆಲಸ ಮಾಡುತ್ತೇನೆ. ಮೇಲಿನಿಂದ ಹಿಮ್ಮಡಿಯ ಸದ್ದು ಇನ್ನೂ ಬಂದಿಲ್ಲ.